ಕಲಿಯುವವಳ ಮೊದಲ ಚಾಕು: ವಿಕ್ಟೋರಿನಾಕ್ಸ್ ಫೈಬ್ರಾಕ್ಸ್ 8 ಇಂಚು

ರೆಸ್ಟೋರೆಂಟ್ ಅಡುಗೆಮನೆಗೆ ಕಿರಿಯ ಅಡುಗೆಯವಳಾಗಿ ಸೇರುವ ಹುಡುಗಿಗೆ ಶುರುವಿನ ತಿಂಗಳುಗಳಲ್ಲಿ ಒಲೆಗಿಂತ ಹಲಗೆಯ ಕೆಲಸವೇ ಹೆಚ್ಚು. ಈರುಳ್ಳಿ, ಕ್ಯಾರೆಟ್, ಸೆಲರಿ ಎಲ್ಲವನ್ನೂ ಕಿಲೋಗಟ್ಟಲೆ, ಒಂದೇ ಅಳತೆಗೆ, ಸರ್ವೀಸ್ ಶುರುವಾಗುವ ಮೊದಲು ಹೆಚ್ಚಿ ಮುಗಿಸಬೇಕು. ಬ್ರುನ್ವಾ ಎಂದರೆ 3 ಮಿ.ಮೀ. ಚೌಕ, ಒಂದು 3, ಇನ್ನೊಂದು 5 ಆದರೆ ಸಣ್ಣದು ಕರಗಿಹೋಗಿರುತ್ತದೆ, ದೊಡ್ಡದು ಹಸಿಯಾಗಿಯೇ ಇರುತ್ತದೆ. ಈ ಕೆಲಸಕ್ಕೆ ಮೊದಲ ಚಾಕು ಯಾವುದು ಎಂದು ಕೇಳಿದರೆ ನಮ್ಮ ಉತ್ತರ ವಿಕ್ಟೋರಿನಾಕ್ಸ್‌ನ ಕಪ್ಪು ಹಿಡಿಯ ಫೈಬ್ರಾಕ್ಸ್, 20 ಸೆಂ.ಮೀ. ಅಲಗಿನದು. ಅದರ ಕುಂದುಗಳನ್ನೂ ಮುಚ್ಚಿಡುವುದಿಲ್ಲ.

1884ರಿಂದ ಚಾಕು ಮಾಡುತ್ತಿರುವ ಸ್ವಿಸ್ ಕಂಪನಿ ಇದು. ಈ ಅಲಗನ್ನು ಬಡಿದು ಮಾಡಿಲ್ಲ, ಉಕ್ಕಿನ ಹಾಳೆಯಿಂದ ಕತ್ತರಿಸಿ ತೆಗೆದು ಮಸೆದಿದ್ದಾರೆ. ಅದಕ್ಕೇ ತೆಳು, ಅದಕ್ಕೇ ಹಗುರ: ತೂಕ 200 ಗ್ರಾಂ ಒಳಗೇ. ಇದೇ ಉದ್ದದ, ಬಡಿದು ಮಾಡಿದ ಜರ್ಮನ್ ಚಾಕು ಕೈಗೆ ಎದ್ದು ಕಾಣುವಷ್ಟು ಭಾರ. ಅಂಗಡಿಯಲ್ಲಿ ಹಿಡಿದು ನೋಡುವಾಗ ಭಾರದ ಚಾಕು ಗಟ್ಟಿಮುಟ್ಟು ಅನಿಸುತ್ತದೆ ನಿಜ. ಎಂಟು ತಾಸಿನ ಪಾಳಿಯ ಕೊನೆಗೆ ಮಣಿಕಟ್ಟು ಹೇಳುವ ಮಾತು ಬೇರೆ.

ಉಕ್ಕು X50CrMoV15: ಸುಮಾರು ಅರ್ಧ ಶೇಕಡಾ ಇಂಗಾಲ, 15 ಶೇಕಡಾ ಕ್ರೋಮಿಯಂ. ಜರ್ಮನಿಯ ವುಸ್ತಾಫ್ ಕ್ಲಾಸಿಕ್‌ನದೂ ಇದೇ ಉಕ್ಕು. ವ್ಯತ್ಯಾಸ ಇರುವುದು ಹದದಲ್ಲಿ. ಅದನ್ನು ಗಟ್ಟಿತನದ ಅಳತೆಯಲ್ಲಿ 58 ರಾಕ್‌ವೆಲ್‌ಗೆ ಗಟ್ಟಿ ಮಾಡಿದರೆ, ಇದನ್ನು 55–56ಕ್ಕೆ ನಿಲ್ಲಿಸಿದ್ದಾರೆ. ಗ್ಯೂಟೋ ಎಂಬ ಜಪಾನಿ ಶೆಫ್ ಚಾಕುಗಳಲ್ಲಿ ಹಲವು 60 ದಾಟುತ್ತವೆ. ಮೃದು ಉಕ್ಕಿನ ಬಾಯಿ ಬೇಗ ಮೊಂಡಾಗುತ್ತದೆ, ಇದು ಈ ಚಾಕುವಿನ ಮೇಲೆ ಎಲ್ಲರೂ ಹೇಳುವ ದೂರು. ಆದರೆ ಕಲಿಯುವವಳ ಮಟ್ಟಿಗೆ ಅದೇ ಇದರ ದೊಡ್ಡ ಗುಣ. ಗಟ್ಟಿ ಉಕ್ಕಿನ ಬಾಯಿ ಮೂಳೆಗೋ ಹಲಗೆಗೋ ಅಡ್ಡ ತಿರುಚಿದರೆ ಚೂರು ಹಾರುತ್ತದೆ, ಅದನ್ನು ಸರಿಮಾಡಲು ಗಂಟೆಗಟ್ಟಲೆ ಕಲ್ಲಿನ ಮೇಲೆ ಉಜ್ಜಬೇಕು. ಮೃದು ಉಕ್ಕಿನದು ಸಾಮಾನ್ಯವಾಗಿ ಬರೀ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಮಡಚಿದ್ದನ್ನು ಹೋನಿಂಗ್ ರಾಡ್ ಎಂಬ ಕೋಲು ಅರ್ಧ ನಿಮಿಷದಲ್ಲಿ ನೆಟ್ಟಗೆ ಮಾಡುತ್ತದೆ.

ರಾಡ್ ಬಳಸುವುದನ್ನು ಮೊದಲ ದಿನವೇ ಸರಿಯಾಗಿ ಕಲಿತುಬಿಡಬೇಕು. ಗಾಳಿಯಲ್ಲಿ ಬೀಸುವುದು ಬೇಡ. ಒದ್ದೆ ಬಟ್ಟೆಯ ಮೇಲೆ ರಾಡ್‌ನ ತುದಿ ಊರಿ ನೆಟ್ಟಗೆ ನಿಲ್ಲಿಸಿ, ಅಲಗನ್ನು 15ರಿಂದ 20 ಡಿಗ್ರಿಗೆ ತಾಗಿಸಿ, ಹಿಮ್ಮಡಿಯಿಂದ (ಹಿಡಿಯ ಬಳಿಯ ಅಂಚು) ಮೊನೆಯವರೆಗೆ ಕೆಳಕ್ಕೆ ಎಳೆಯಿರಿ. ಪಕ್ಕ ಬದಲಿಸುತ್ತ ಒಂದೊಂದಕ್ಕೆ ಐದಾರು ಬಾರಿ ಸಾಕು. ಚಾಕುವಿನ ಸ್ವಂತ ಭಾರಕ್ಕಿಂತ ಹೆಚ್ಚು ಒತ್ತಿದರೆ ಬಾಯಿ ನೆಟ್ಟಗಾಗುವ ಬದಲು ಇನ್ನೊಂದು ಪಕ್ಕಕ್ಕೆ ಮಡಚುತ್ತದೆ.

ರಾಡ್‌ಗೂ ಹರಿತ ಬಾರದಿದ್ದಾಗ ಸಾಣೆಕಲ್ಲು. ದಿನವೂ ದುಡಿಯುವ ಚಾಕುವಿಗೆ ಹತ್ತು-ಹದಿನೈದು ದಿನಕ್ಕೊಮ್ಮೆ ಬೇಕಾಗುತ್ತದೆ. 1000 ಗ್ರಿಟ್ (ನುಣುಪಿನ ಅಂಕೆ, ಹೆಚ್ಚಾದಷ್ಟೂ ನುಣುಪು) ಕಲ್ಲು ಒಂದಿದ್ದರೆ ಸಾಕು, 3000 ಇದ್ದರೆ ಒಳ್ಳೆಯದು. ಕೋನ ಹಿಡಿಯುವುದೇ ಎಲ್ಲರಿಗೂ ಕಷ್ಟ. ಹಿಮ್ಮಡಿಯ ಬಳಿ ಅಲಗು ಸುಮಾರು 5 ಸೆಂ.ಮೀ. ಅಗಲ ಇದೆ, ಅಲ್ಲಿ ಬೆನ್ನನ್ನು ಕಲ್ಲಿನಿಂದ 13 ಮಿ.ಮೀ. ಎತ್ತಿದರೆ 15 ಡಿಗ್ರಿ ಬಂತು. ಮೊನೆಯತ್ತ ಅಗಲ ಕಡಿಮೆಯಾದಂತೆ ಎತ್ತರವೂ ಇಳಿಯಬೇಕು. ಒಂದು ಪಕ್ಕ ಉಜ್ಜುತ್ತ ಹೋಗಿ, ಎದುರು ಪಕ್ಕದ ಅಂಚಿನುದ್ದಕ್ಕೂ ಬೆರಳ ತುದಿಗೆ ತರಿತರಿಯಾದ ಗೆರೆ ಸಿಗುವವರೆಗೆ ನಿಲ್ಲಿಸಬೇಡಿ. ಆ ಗೆರೆಯೇ ಬರ್. ಅದು ಬರುವ ಮೊದಲೇ ಪಕ್ಕ ಬದಲಿಸುವುದರಿಂದಲೇ "ಎಷ್ಟು ಮಸೆದರೂ ಹರಿತವಾಗಲಿಲ್ಲ" ಎನ್ನುವ ಮಾತು ಹುಟ್ಟುವುದು. ಹಿಡಿಯ ಬುಡದಲ್ಲಿ ದಪ್ಪ ಲೋಹದ ಗಂಟಿಲ್ಲದ ಕಾರಣ ಅಲಗು ಕೊನೆಯವರೆಗೂ ಕಲ್ಲಿಗೆ ತಾಗುತ್ತದೆ. ಗಂಟು ಅಂಚಿನವರೆಗೆ ಇಳಿದಿರುವ ಚಾಕುಗಳಲ್ಲಿ ವರ್ಷಗಳು ಕಳೆದಂತೆ ಅಲಗು ಸವೆದು ಗಂಟು ಉಳಿಯುತ್ತದೆ. ಹಿಮ್ಮಡಿ ಆಗ ಹಲಗೆಗೆ ಮುಟ್ಟುವುದೇ ಇಲ್ಲ.

ಹಿಡಿಯ ವಿಷಯಕ್ಕೆ ಬರೋಣ. ಎಣ್ಣೆ-ನೀರು ಆದ ಕೈಯಲ್ಲೂ ಜಾರುವುದಿಲ್ಲ, ಸಂದುಗಳಿಲ್ಲದ್ದರಿಂದ ಕೊಳೆ ಕೂರುವುದಿಲ್ಲ. ಆದರೆ ಸಣ್ಣ ಕೈಗೆ ದಪ್ಪ. ಬೆರಳೆಲ್ಲ ಹಿಡಿಯ ಸುತ್ತ ಬಿಗಿದರೆ ಅಂಗೈ ಬೇಗ ಸೋಲುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ಪಕ್ಕದಿಂದ ಅಲಗಿನ ಬುಡವನ್ನೇ ಚಿವುಟಿ ಹಿಡಿದು, ಉಳಿದ ಮೂರು ಬೆರಳನ್ನು ಹಿಡಿಗೆ ಸಡಿಲವಾಗಿ ಸುತ್ತಿದರೆ ದಪ್ಪದ ಗೊಡವೆ ಬಹುಪಾಲು ತಪ್ಪುತ್ತದೆ, ಮೊನೆಯೂ ಹೇಳಿದಂತೆ ಕೇಳುತ್ತದೆ.

ಹಾಗೆ ಹಿಡಿದಾಗಲೇ ಈ ಚಾಕುವಿನ ನಿಜವಾದ ಕುಂದು ಗೊತ್ತಾಗುವುದು. ಬೆನ್ನಿನ ಅಂಚನ್ನು ನುಣುಪು ಮಾಡಿಲ್ಲ. ತೋರುಬೆರಳ ಬುಡ ಮೊದಲ ವಾರದಲ್ಲೇ ಕೆಂಪಾಗಿ, ಗುಳ್ಳೆ ಎದ್ದು, ಆಮೇಲೆ ಜಡ್ಡುಗಟ್ಟುತ್ತದೆ. ಜಡ್ಡು ಅಡುಗೆಯವರ ಗುರುತು ಎಂದು ಸಹಿಸಬೇಕಾಗಿಲ್ಲ. ಬಾಯಿಗೆ ದಪ್ಪ ರಟ್ಟು ಸುತ್ತಿ, ಚಾಕುವನ್ನು ಅಲುಗದಂತೆ ಬಿಗಿದು, ಬುಡದಿಂದ 4 ಸೆಂ.ಮೀ.ವರೆಗಿನ ಬೆನ್ನನ್ನು 400 ಗ್ರಿಟ್ ಸ್ಯಾಂಡ್‌ಪೇಪರ್ ಪಟ್ಟಿಯಿಂದ ಶೂ ಒರೆಸಿದಂತೆ ಹಿಂದಕ್ಕೂ ಮುಂದಕ್ಕೂ ಎಳೆಯಿರಿ. ನಂತರ 800. ಹತ್ತು ನಿಮಿಷದ ಕೆಲಸ. ಕಾರ್ಖಾನೆಯಲ್ಲೇ ಮಾಡಿ ಕಳಿಸಬಹುದಿತ್ತು.

ತೆಳು ಅಲಗಿಗೆ ಮಿತಿಯೂ ಇದೆ. ದೊಡ್ಡ ಕುಂಬಳಕಾಯಿಗೆ ಹೊಡೆದು ಸಿಕ್ಕಿಹಾಕಿಕೊಂಡಾಗ ತಿರುಚಬೇಡಿ, ಬಾಯಿ ಸೊಟ್ಟಗಾಗುತ್ತದೆ. ಮೊದಲು ಮೊನೆ ಊರಿ, ಆಮೇಲೆ ಹಿಮ್ಮಡಿಯನ್ನು ಇಳಿಸಿ. ಮೂಳೆಗೆ ಇದು ಬೇಡವೇ ಬೇಡ. ಚಪ್ಪಟೆ ಪಕ್ಕಕ್ಕೆ ಆಲೂಗಡ್ಡೆ ಬಿಲ್ಲೆಗಳು ಅಂಟುತ್ತವೆ. ಒತ್ತುವ ಬದಲು ಮೊನೆಯಿಂದ ಎಳೆದು ಕತ್ತರಿಸಿದರೆ ಕಡಿಮೆ. ಹೆಚ್ಚಿದ್ದನ್ನು ಹಲಗೆಯಿಂದ ಬಾಯಿಯಲ್ಲಿ ಕೆರೆಯುವ ಚಟ ಎಲ್ಲಕ್ಕಿಂತ ಬೇಗ ಚಾಕು ಕೆಡಿಸುತ್ತದೆ. ತಿರುಗಿಸಿ ಬೆನ್ನಿನಲ್ಲಿ ಸರಿಸಿ.

10 ಇಂಚಿನದು ರಾಶಿ ಕೆಲಸಕ್ಕೆ ವೇಗ, ಆದರೆ ಇಕ್ಕಟ್ಟಿನ ಹಲಗೆಯಲ್ಲಿ ಮೊನೆ ಎಲ್ಲಿದೆ ಎಂಬ ಅಂದಾಜು ಕೈಗೆ ಬರುವವರೆಗೆ 8 ಸಾಕು. ಜೊತೆಗೆ 8–10 ಸೆಂ.ಮೀ.ನ ಸಣ್ಣ ಚಾಕು, ಗರಗಸದ ಬಾಯಿಯ ಬ್ರೆಡ್ ಚಾಕು, ಒಂದು ಪೀಲರ್. ದೊಡ್ಡ ಸೆಟ್‌ಗಳಲ್ಲಿ ಅರ್ಧಕ್ಕರ್ಧ ಚೀಲದಿಂದ ಹೊರಗೇ ಬರುವುದಿಲ್ಲ.

ಇನ್ನೊಂದು ಮಾತು. ಅದೇ ಅಡುಗೆಮನೆಯಲ್ಲಿ ಇದೇ ಕಪ್ಪು ಹಿಡಿಯ ಚಾಕು ಇನ್ನೂ ಮೂರ್ನಾಲ್ಕು ಇರಬಹುದು, ಅದಲುಬದಲಾಗುವುದು ಸಹಜ. ಗುರುತಿಗೆ ಟೇಪ್ ಸುತ್ತಬೇಡಿ, ಜಿಡ್ಡು ಹಿಡಿದು ಬಿಚ್ಚಿಕೊಂಡು ಆಹಾರಕ್ಕೆ ಬೀಳುತ್ತದೆ. ಅಲಗಿನ ಬುಡದಲ್ಲಿ ಹೆಸರು ಕೆತ್ತಿಸಿಕೊಳ್ಳಿ.