ಗಾಡಿಯೊಳಗಿನ ಕಕ್ಕಸು ಡಬ್ಬ: ಶಿವಮೊಗ್ಗದ ಪ್ಲಂಬರ್ ಕೊಟ್ಟ ಅಂಕಗಳು

ಐದಕ್ಕೆ ನಾಲ್ಕು ಅಂಕ, ಅದೂ ಡಬ್ಬಕ್ಕೆ ಮಾತ್ರ. ಅದರ ಜೊತೆ ಬಂದ ನೀಲಿ ಔಷಧಿ ಬಾಟಲಿಗೆ ಸೊನ್ನೆ. ಗಾಡಿಯ ಹೊಟ್ಟೆ ಕೆಳಗೆ ಕೂರಿಸಿದ ಬಚ್ಚಲು ನೀರಿನ ಟ್ಯಾಂಕಿಗೆ ಎರಡು. ಇದನ್ನೆಲ್ಲ ಖಾಲಿ ಮಾಡೋದಕ್ಕೆ ಸರಿಯಾದ ಜಾಗ ಮಾಡಿಟ್ಟುಕೊಂಡಿದ್ದ ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಗೆ ಐದಕ್ಕೆ ಐದು.

ನಾನು ಶಿವಮೊಗ್ಗದವನು, ಪ್ಲಂಬಿಂಗ್ ನನ್ನ ಕಸುಬು. ಬೀಡು ಕಬ್ಬಿಣದ ಪೈಪಿಗೆ ಸೀಸ ಕಾಯಿಸಿ ಹೊಯ್ದು ಜಾಯಿಂಟ್ ಮಾಡುತ್ತಿದ್ದ ಕಾಲದಲ್ಲಿ ಕೆಲಸ ಕಲಿತವನು. ಈಗ ಅಂಗಡಿ, ಕೆಲಸ ಎರಡೂ ಮಗನ ಕೈಯಲ್ಲಿದೆ. ಅಳಿಯಂದಿರು ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು ಒಳಗೆ ಮಂಚ, ಒಲೆ, ಸಿಂಕು, ಪರದೆ ಎಳೆದರೆ ಸ್ನಾನಕ್ಕೂ ಆಗುವಂಥ ಒಂದು ಮೂಲೆ, ಎಲ್ಲ ಮಾಡಿಸಿದರು. ಕಕ್ಕಸಿನ ವಿಷಯ ಬಂದಾಗ ಮಾತ್ರ "ಮಾವ, ಇದೊಂದು ನೀವೇ ನೋಡಿ" ಅಂತ ನನ್ನ ತಲೆಗೆ ಕಟ್ಟಿದರು. ನೋಡಿದೆ. ಬೇಸಿಗೆಯಲ್ಲಿ ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ, ಘಾಟಿ ಇಳಿದು ಉಡುಪಿ, ವಾಪಸ್ ಹತ್ತಿ ಶೃಂಗೇರಿ ಅಂತ ಸುತ್ತಿದ್ದೂ ಆಯ್ತು. ನಾವು ದೊಡ್ಡವರು ನಾಲ್ಕು ಜನ, ಜೊತೆಗೊಬ್ಬ ಮೊಮ್ಮಗ.

ಡಬ್ಬದ ಕಂಪನಿ ಹೆಸರು ಬರೆಯುವುದಿಲ್ಲ. ಈ ನಮೂನೆಯವು ಹೆಚ್ಚುಕಡಿಮೆ ಎಲ್ಲವೂ ಒಂದೇ ತರ. ಎರಡು ಭಾಗ, ಪಕ್ಕದ ಕ್ಲಿಪ್ ಎತ್ತಿದರೆ ಬೇರೆಬೇರೆ ಆಗುತ್ತವೆ. ಮೇಲಿನದರಲ್ಲಿ ಕೂರುವ ಸೀಟು, 15 ಲೀಟರ್ ಒಳ್ಳೆ ನೀರು, ಕೈಯಲ್ಲಿ ಒತ್ತುವ ಪಂಪು. ಕೆಳಗಿನದು 21 ಲೀಟರಿನ ಹೊಲಸಿನ ಟ್ಯಾಂಕು. ನಡುವೆ ಜಾರುವ ಒಂದು ತಟ್ಟೆ, ಸುತ್ತ ರಬ್ಬರ್ ಸೀಲು. ತಟ್ಟೆ ಎಳೆದರೆ ಬಾಯಿ ತೆರೆಯುತ್ತೆ, ತಳ್ಳಿದರೆ ಮುಚ್ಚುತ್ತೆ. ನಾಲ್ಕು ಅಂಕ ಕೊಟ್ಟಿದ್ದು ಈ ತಟ್ಟೆಗೇ. ಆಗುಂಬೆ ಘಾಟಿಯ ತಿರುವುಗಳಲ್ಲಿ ನಮ್ಮನೆಯವಳ ಹೊಟ್ಟೆ ತೊಳಸಿತು, ಡಬ್ಬದಿಂದ ಮಾತ್ರ ಒಂದು ಹನಿ ಆಚೆ ಬರಲಿಲ್ಲ, ವಾಸನೆಯೂ ಇಲ್ಲ. ಒಂದು ಎಚ್ಚರಿಕೆ: ಹೆಬ್ರಿ ಕಡೆಯಿಂದ ಘಾಟಿ ಹತ್ತಿ ಬಂದ ಮೇಲೆ ಟ್ಯಾಂಕಿನೊಳಗಿನ ಗಾಳಿ ಹಿಗ್ಗಿರುತ್ತೆ. ಸೆಕೆಯೂ ಸೇರಿದರೆ ಇನ್ನೂ ಜಾಸ್ತಿ. ಆಗ ತಟ್ಟೆಯನ್ನು ಗಬಕ್ಕನೆ ಎಳೆದರೆ ಮುಖಕ್ಕೇ ಬರುತ್ತೆ. ಮೇಲಿನ ಮುಚ್ಚಳ ಹಾಕಿಟ್ಟುಕೊಂಡೇ ತಟ್ಟೆಯನ್ನು ಒಂದು ಕೂದಲೆಳೆಯಷ್ಟು ಸರಿಸಿ, ಗಾಳಿ ಬಿಟ್ಟು, ಆಮೇಲೆ ಪೂರ್ತಿ ತೆಗೆಯಬೇಕು.

ಕಿತ್ತುಕೊಂಡ ಒಂದು ಅಂಕ ಎರಡು ಕಾರಣಕ್ಕೆ. ತುಂಬಿದ ಟ್ಯಾಂಕು ಇಪ್ಪತ್ತೈದು ಕೆಜಿ ಹತ್ತಿರ ಬರುತ್ತೆ, ಅದಕ್ಕೆ ಹಿಡಿಕೆ ಒಂದೇ ಕಡೆ. ಒಬ್ಬರೇ ಎತ್ತಿಕೊಂಡು ಮಲೆನಾಡಿನ ಪಾವಟಿಗೆ ಇಳಿಯೋದಕ್ಕಾಗಲ್ಲ. ಎರಡನೆಯದು, ಎಷ್ಟು ದಿನಕ್ಕೆ ತುಂಬುತ್ತೆ ಅಂತ ಜೊತೆಗಿರುವ ಪುಸ್ತಕದಲ್ಲಿ ಕೊಟ್ಟ ಲೆಕ್ಕ ಕಾಗದದಲ್ಲಿ ಒರೆಸಿಕೊಳ್ಳುವವರದು. ನಾವು ತೊಳೆದುಕೊಳ್ಳುವ ಜನ. ಬಕೆಟು ಮಗ್ಗು ಇಟ್ಟರೆ ಮೊದಲ ದಿನವೇ ಅರ್ಧ ಟ್ಯಾಂಕ್ ಬರೀ ನೀರು. ಸಣ್ಣ ಚೊಂಬು ಇಟ್ಟುಕೊಳ್ಳಿ, ಹಗಲು ಹೊತ್ತು ಬಸ್‌ಸ್ಟ್ಯಾಂಡು, ದೇವಸ್ಥಾನಗಳ ಶೌಚಾಲಯ ಬಳಸಿ, ಡಬ್ಬವನ್ನು ರಾತ್ರಿಗೂ ಬೆಳಗಿನ ಜಾವಕ್ಕೂ ಉಳಿಸಿಕೊಳ್ಳಿ. ಹಾಗೆ ಮಾಡಿದರೆ ನಮ್ಮಂಥ ಸಂಸಾರಕ್ಕೆ ಎರಡು ದಿನ ಬರುತ್ತೆ. ಮೂರನೇ ದಿನಕ್ಕೆ ಎಳೆಯಬೇಡಿ.

ಇನ್ನು ನಾತ ಬರದಿರಲಿ ಅಂತ ಹೊಲಸಿನ ಟ್ಯಾಂಕಿಗೆ ಹಾಕುವ ನೀಲಿ ಔಷಧಿ. ಬಾಟಲಿಯ ಹಿಂದೆ ಸಣ್ಣಕ್ಷರದಲ್ಲಿ ಫಾರ್ಮಾಲ್ಡಿಹೈಡ್ ಅಂತ ಬರೆದಿತ್ತು. ಕಾಲೇಜಿನ ಲ್ಯಾಬಿನಲ್ಲಿ ಕಪ್ಪೆ, ಹಾವು ಕೊಳೆಯದ ಹಾಗೆ ಇಡುವ ಫಾರ್ಮಲಿನ್ ಇದೇ, ನೀರಲ್ಲಿ ಕರಗಿದ್ದು. ಕೊಳೆಯುವುದನ್ನು ತಡೆಯುವ ವಸ್ತುವನ್ನು ಕೊಳೆಯಲೇಬೇಕಾದ ಜಾಗಕ್ಕೆ ಸುರಿದರೆ ಏನಾಗುತ್ತೆ? ಸೆಪ್ಟಿಕ್ ಟ್ಯಾಂಕ್ ಅಂದರೆ ಬರೀ ಗುಂಡಿಯಲ್ಲ. ಗಟ್ಟಿ ತಳಕ್ಕೆ ಕೂರುತ್ತೆ, ಜಿಡ್ಡು ಮೇಲೆ ತೇಲುತ್ತೆ, ನಡುವಿನ ನೀರು ಮುಂದಿನ ಚೇಂಬರಿಗೆ ಹೋಗಿ ಅಲ್ಲಿಂದ ಇಂಗುಗುಂಡಿ ಸೇರುತ್ತೆ. ತಳದ ಗಟ್ಟಿಯನ್ನು ತಿಂದು ಕರಗಿಸೋದು ಬ್ಯಾಕ್ಟೀರಿಯಾ. ಅವು ಸತ್ತರೆ ಟ್ಯಾಂಕು ಬೇಗ ತುಂಬುತ್ತೆ, ಆಮೇಲೆ ಮನೆಯವರು ಸಕ್ಕಿಂಗ್ ಗಾಡಿಗೆ ಫೋನ್ ಮಾಡಬೇಕು. ಫಿನಾಯಿಲು, ಬ್ಲೀಚಿಂಗ್ ಪುಡಿ, ಆಸಿಡ್ಡು ಸುರಿದರೂ ಅದೇ ಕಥೆ, ಜೊತೆಗೆ ಡಬ್ಬದ ಸೀಲೂ ಹಾಳು. ಸೆಪ್ಟಿಕ್ ಟ್ಯಾಂಕಿಗೆ ತೊಂದರೆಯಿಲ್ಲ ಅಂತ ಲೇಬಲ್ಲಿನಲ್ಲೇ ಬರೆದಿರುವ ಹಸಿರು ಬಾಟಲಿ ಸಿಗುತ್ತೆ, ನಾವು ಅದಕ್ಕೆ ಬದಲಾಯಿಸಿಕೊಂಡೆವು. ತಳದಲ್ಲಿ ಎರಡು ಲೀಟರ್ ನೀರಿಗೆ ಬಾಟಲಿಯಲ್ಲಿ ಹೇಳಿದಷ್ಟು ಹಾಕಿಟ್ಟು ಶುರು ಮಾಡಿದರೆ ಎರಡು ದಿನಕ್ಕೆ ಸಾಕು.

ಡಬ್ಬ ಎಷ್ಟು ಚೆನ್ನಾಗಿದ್ದರೂ ಒಂದಲ್ಲ ಒಂದು ಕಡೆ ಸುರಿಯಲೇಬೇಕಲ್ಲ, ತಾಪತ್ರಯ ಅಲ್ಲಿಂದ ಶುರು. ಆಸ್ಟ್ರೇಲಿಯಾದಲ್ಲಿರುವ ನನ್ನ ತಂಗಿ ಮಗಳು ಹೇಳುತ್ತಾಳೆ, ಅಲ್ಲಿ ಊರೂರಲ್ಲೂ ಡಂಪ್ ಪಾಯಿಂಟ್ ಅಂತ ಇರುತ್ತೆ, ರಸ್ತೆ ಪಕ್ಕ ಬೋರ್ಡೂ ಹಾಕಿರುತ್ತಾರೆ, ಗಾಡಿ ನಿಲ್ಲಿಸಿ ಸುರಿದು ತೊಳೆದು ಹೊರಡೋದು ಅಂತ. ನಮ್ಮ ಪಕ್ಕದ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೇ ಒಂದು ನೀತಿ ಮಾಡಿತು, ಗಾಡಿ ನಿಲ್ಲಿಸುವ ಪಾರ್ಕುಗಳೂ ಅದರಲ್ಲೇ ಸೇರಿವೆ. ನಾವು ಹೋದ ದಾರಿಯಲ್ಲಿ ಅಂಥ ಬೋರ್ಡು ಒಂದೂ ಕಣ್ಣಿಗೆ ಬೀಳಲಿಲ್ಲ. ಕಂಡಿದ್ದು ಏನಪ್ಪಾ ಅಂದರೆ, ಹೊಳೆ ಪಕ್ಕ ಒಂದು ಗಾಡಿ ನಿಲ್ಲಿಸಿ ಅಡಿಯ ನಲ್ಲಿ ತಿರುಗಿಸಿ ಬಿಟ್ಟು ಸೆಲ್ಫಿ ತೆಗೆದುಕೊಳ್ಳುತ್ತಿದ್ದವರು. ಹಿಂದಿನ ಗಾಜಿಗೆ "ಗಂಗಾ ಸ್ನಾನ ತುಂಗಾ ಪಾನ" ಸ್ಟಿಕ್ಕರ್ ಬೇರೆ! ಆ ಪಾನ ಮಾಡೋದು ಯಾರು ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ. ತೀರ್ಥಹಳ್ಳಿ ದಾಟಿದ ನೀರು ಮಂಡಗದ್ದೆ ಮೇಲಿಂದ ಗಾಜನೂರಿಗೆ ಬಂದು, ಅಲ್ಲಿಂದ ಶಿವಮೊಗ್ಗದ ನಲ್ಲಿಗೆ ಬರುತ್ತೆ. ನನ್ನ ಮನೆ ನಲ್ಲಿಗೂ ಅದೇ. ಹೊಳೆಗೆ, ಹಳ್ಳಕ್ಕೆ ಹೊಲಸು ಬಿಡಬಾರದು ಅಂತ 1974ರ ಜಲ ಮಾಲಿನ್ಯ ಕಾಯ್ದೆಯಲ್ಲೇ ಇದೆ. ಕಾಯ್ದೆ ತೋರಿಸಿ ಜಗಳ ಆಡೋ ವಯಸ್ಸಲ್ಲ ನನ್ನದು, ಆದರೂ ಇಳಿದು ಹೋಗಿ ಎರಡು ಮಾತು ಆಡಿಯೇ ಬಂದೆ.

"ಕಾಡಲ್ಲಿ ಸುರಿದರೆ ಮಣ್ಣೇ ಎಳೆದುಕೊಳ್ಳುತ್ತಲ್ವಾ ಮಾವ?" ಅಂತ ಅಳಿಯಂದಿರು ಕೇಳಿದ್ದರು. ಬಯಲುಸೀಮೆಯ ಗಟ್ಟಿ ಮಣ್ಣಾದರೆ ಹೇಗೋ ಏನೋ. ನಮ್ಮ ಕಡೆಯ ಜಂಬಿಟ್ಟಿಗೆ ನೆಲ ಜರಡಿ ಇದ್ದ ಹಾಗೆ, ಮೇಲೆ ಸುರಿದಿದ್ದು ಸೋಸಿಕೊಳ್ಳುವುದಕ್ಕೂ ಪುರುಸೊತ್ತಿಲ್ಲದೆ ಕೆಳಗಿಳಿಯುತ್ತೆ. ಕೆಳಗೆ ಯಾರದೋ ಬಾವಿ. ಗುಡ್ಡದಿಂದ ಪೈಪಿನಲ್ಲಿ ಅಬ್ಬಿ ನೀರು ತಂದುಕೊಂಡು ಕುಡಿಯುವ ಮನೆಗಳು ಈಗಲೂ ಇವೆ, ಪೈಪಿನ ಬಾಯಿ ಎಲ್ಲಿದೆ ಅಂತ ರಸ್ತೆಯಲ್ಲಿ ಹೋಗೋರಿಗೆ ಕಾಣೋದಿಲ್ಲ. ಇದಕ್ಕೂ ಹಿಂದೆ ಇಂಥದ್ದನ್ನು ಒಪ್ಪಿಕೊಂಡವರೇ ನಾವು, ಅದೂ ನಿಜ. ತಾಳಗುಪ್ಪದ ರೈಲಿನಲ್ಲಿ ಕಕ್ಕಸಿನ ತೂತಿನಿಂದ ಹಳಿ ಓಡೋದು ಕಾಣುತ್ತಿತ್ತು, ಯಾರೂ ಮೂಗು ಮುರಿಯುತ್ತಿರಲಿಲ್ಲ. ಈಗ ರೈಲ್ವೆಯವರೇ ಬೋಗಿಯಡಿ ಬಯೋಟಾಯ್ಲೆಟ್ ಕೂರಿಸಿದ್ದಾರೆ.

ಹಾಗಾದರೆ ಎಲ್ಲಿ ಸುರಿಯೋದು? ಸೆಪ್ಟಿಕ್ ಟ್ಯಾಂಕ್ ಇರುವ ಕಕ್ಕಸಿನಲ್ಲಿ, ಕೇಳಿಕೊಂಡು. ಒಂದು ಪೆಟ್ರೋಲ್ ಬಂಕಿನಲ್ಲಿ ಕೇಳಿದೆ, ಆಗಲ್ಲ ಅಂದರು. ಇನ್ನೊಂದು ಕಡೆ ಹುಡುಗ ಉದಾರವಾಗಿ "ಹಿಂದೆ ಚರಂಡಿ ಇದೆ, ಹಾಕಿ ಅಂಕಲ್" ಅಂದ. ಅದು ಮಳೆನೀರಿನ ಚರಂಡಿ, ಮುಂದೆ ಹಳ್ಳಕ್ಕೆ ಹೋಗುವಂಥದ್ದು. ಬೇಡ ಅಂದು ಬಂದೆವು. ಕೇಳಿದವರಿಗೆಲ್ಲ ಇರುವ ಹೆದರಿಕೆ ಒಂದೇ, ನಮ್ಮ ಗುಂಡಿ ತುಂಬಿಹೋಗುತ್ತೆ ಅಂತ. ಲೆಕ್ಕ ಹೇಳಿದರೆ ಒಪ್ಪುತ್ತಾರೆ. ಹಳೇ ಫ್ಲಶ್ ಟ್ಯಾಂಕಿಗೆ 10 ಲೀಟರ್ ನೀರು ಹಿಡಿಯುತ್ತಿತ್ತು. 21 ಲೀಟರ್ ಅಂದರೆ ಎರಡು ಸಲ ಫ್ಲಶ್ ಎಳೆದಷ್ಟೇ, ಜೊತೆಗೆ ಒಂದು ಸಂಸಾರ ಎರಡು ದಿನ ನೆಂಟರ ಮನೆಗೆ ಬಂದು ಹೋದರೆ ಬೀಳುವಷ್ಟು ಗಟ್ಟಿ.

ತೋಟದ ಮನೆಯ ಯಜಮಾನರಿಗೆ ಈ ಲೆಕ್ಕ ಹೇಳಬೇಕಾಗಿಯೇ ಬರಲಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆ ದಾರಿಯಲ್ಲಿ ಒಳಗೆ ತಿರುಗಬೇಕು, ಅಡಿಕೆ ತೋಟ, ನಾಲ್ಕು ರೂಮಿನ ಹೋಂಸ್ಟೇ. ಗಾಡಿ ಅಂಗಳಕ್ಕೆ ಬಂದು ನಿಂತ ಕೂಡಲೇ ಅವರು ಕೇಳಿದ್ದು "ಕಾಫಿ ಕುಡೀತೀರಾ" ಅಂತಲ್ಲ, "ಡಬ್ಬಕ್ಕೆ ಎಂಥದು ಹಾಕಿದ್ದೀರಿ, ನೀಲಿಯೋ ಹಸಿರೋ?" ಅಂತ. ನನಗೆ ಆಗಲೇ ಮನಸ್ಸು ತುಂಬಿತು. ಕೊಟ್ಟಿಗೆ ಹಿಂದೆ ಸಿಮೆಂಟಿನ ಒಂದು ಕಟ್ಟೆ, ನಾಲ್ಕೂ ಕಡೆ ಒಳಮುಖವಾಗಿ ಇಳಿಜಾರು, ನಡುವೆ 4 ಇಂಚಿನ ಪೈಪಿನ ಬಾಯಿ, ಅದಕ್ಕೆ ತಿರುಗಿಸುವ ಮುಚ್ಚಳ. ಕೆಳಗೆ ವಾಟರ್ ಸೀಲ್ ಇರುವ ಟ್ರ್ಯಾಪು, ಅಂದರೆ ಯಾವಾಗಲೂ ಸ್ವಲ್ಪ ನೀರು ನಿಂತಿರುವ ಬಾಗಿದ ಪೈಪು, ಹಾಗಾಗಿ ವಾಸನೆ ಮೇಲೆ ಬರಲ್ಲ. ಅಲ್ಲಿಂದ ಮೂರು ಚೇಂಬರಿನ ಸೆಪ್ಟಿಕ್ ಟ್ಯಾಂಕಿಗೆ, ಮುಂದೆ ಇಂಗುಗುಂಡಿಗೆ. ಬಾವಿ ಮನೆಯ ಆಚೆ ಬದಿ, ಏರಿನಲ್ಲಿ. ಪೈಪಿನ ವಾಟ, ಅಂದರೆ ಇಳಿಜಾರು, ನೋಡಿದೆ, ಸರಿಯಾಗಿತ್ತು. ಯಾರು ಹಾಕಿದ್ದು ಅಂತ ಕೇಳಿದರೆ "ನಾನೇ, ಮಾರಾಯ್ರೆ, ಮೇಸ್ತ್ರಿ ಎರಡು ಸಲ ಉಲ್ಟಾ ವಾಟ ಕೊಟ್ಟಿದ್ದ, ಒಡೆಸಿ ಹಾಕಿಸಿದೆ" ಅಂದರು.

ಇನ್ನೊಂದು ವಿಷಯಕ್ಕೆ ಅವರಿಗೆ ಕೈ ಮುಗಿದೆ. ತೊಳೆಯುವ ನಲ್ಲಿ ಬೇರೆ, ಕುಡಿಯುವ ನೀರು ತುಂಬಿಸುವ ನಲ್ಲಿ ಬೇರೆ. ತೊಳೆಯುವ ನಲ್ಲಿಗೆ ಕೆಂಪು ಬಣ್ಣ ಬಳಿದು, ಅದರ ಪೈಪನ್ನು ಬಿಚ್ಚಿ ಒಯ್ಯದ ಹಾಗೆ ಕ್ಲ್ಯಾಂಪ್ ಹಾಕಿದ್ದಾರೆ. ಹೊಲಸಿನ ಟ್ಯಾಂಕಿನ ಬಾಯಿಗೆ ತುರುಕಿದ ಪೈಪನ್ನೇ ಆಮೇಲೆ ಕುಡಿಯುವ ನೀರಿನ ಟ್ಯಾಂಕಿಗೆ ಹಾಕುವ ಜನ ಇರುತ್ತಾರೆ, ನಂಬಿ. ಮಳೆಗಾಲದಲ್ಲಿ ಮಾತ್ರ ಅವರು ಇದನ್ನು ಮುಚ್ಚುತ್ತಾರಂತೆ. ಜೋರು ಮಳೆ ಹಿಡಿದ ಮೇಲೆ ಇಲ್ಲಿ ನೆಲವೇ ನೀರು ಕಕ್ಕುತ್ತೆ, ಇಂಗುಗುಂಡಿ ನೀರು ಕುಡಿಯೋದಿಲ್ಲ, ಸುರಿದಿದ್ದು ವಾಪಸ್ ಬರುತ್ತೆ. ಮಳೆಗಾಲದಲ್ಲಿ ಗಾಡಿ ಪ್ರವಾಸ ಹೊರಡುವವರು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಒಂದು ಸಲ ಸುರಿಯೋದಕ್ಕೆ ಇನ್ನೂರು ರೂಪಾಯಿ ತಗೊಂಡರು, ಉಳಿದುಕೊಳ್ಳುವವರಿಗೆ ಪುಕ್ಕಟೆ.

ಸುರಿಯುವ ಕ್ರಮ ಹೇಳಿಬಿಡುತ್ತೇನೆ. ಕೈಗವಸು ಹಾಕಿಕೊಳ್ಳಿ. ಟ್ಯಾಂಕಿನ ಮೂತಿ ಆಚೆ ತಿರುಗಿಸಿ, ಮುಚ್ಚಳ ತೆಗೆದು, ಮೂತಿಯನ್ನು ಪೈಪಿನ ಬಾಯಿಗೆ ಒಡ್ಡಿ, ಹೆಬ್ಬೆರಳಿನಲ್ಲಿ ಗಾಳಿಯ ಗುಂಡಿ ಒತ್ತಿ ಹಿಡಿದುಕೊಂಡೇ ಬಗ್ಗಿಸಬೇಕು. ಗುಂಡಿ ಒತ್ತದಿದ್ದರೆ ಗುಳುಗುಳು ಅಂತ ತಡೆದು ತಡೆದು ಬಿದ್ದು ಕಾಲಿಗೆ ಸಿಡಿಯುತ್ತೆ. ನಿಧಾನ ಸುರಿಯಿರಿ, ಒಮ್ಮೆಲೇ ಹೊಯ್ದರೆ ಸೆಪ್ಟಿಕ್ ಟ್ಯಾಂಕಿನ ತಳ ಕದಡುತ್ತೆ. ಆಮೇಲೆ ಎರಡು ಸಲ ನೀರು ಹಾಕಿ ಅಲ್ಲಾಡಿಸಿ ಅದನ್ನೂ ಅಲ್ಲೇ ಚೆಲ್ಲಿ. ಮಗುವಿನ ಡೈಪರು, ವೆಟ್ ವೈಪ್ಸು ಒಳಗೆ ಹಾಕಲೇಬೇಡಿ. ನಾನು ಪೈಪುಗಳಿಂದ ಎಳೆದು ತೆಗೆದ ವಸ್ತುಗಳ ಪಟ್ಟಿ ಕೊಟ್ಟರೆ ನೀವು ಊಟ ಬಿಡುತ್ತೀರಿ.

ಈ ಕೆಲಸವನ್ನು ನೀವೇ ಮಾಡಿ. ಹೋಂಸ್ಟೇ ಕೆಲಸದ ಹುಡುಗನ ಕೈಗೆ ನೂರು ರೂಪಾಯಿ ಇಟ್ಟು "ಸ್ವಲ್ಪ ಸುರಿದು ಬಾರೋ" ಅನ್ನೋದನ್ನು ನೋಡಿದ್ದೇನೆ. ಮನುಷ್ಯರ ಕೈಯಲ್ಲಿ ಮಲ ಎತ್ತಿಸಬಾರದು ಅಂತ 2013ರಲ್ಲಿ ಹೊಸ ಕಾಯ್ದೆಯನ್ನೇ ತಂದ ದೇಶ ಇದು. ನಿಮ್ಮ ಮನೆಯವರದನ್ನು ಎತ್ತೋದಕ್ಕೆ ನಿಮಗೆ ಅಸಹ್ಯ ಆದರೆ ಲಾಡ್ಜಿನಲ್ಲಿ ರೂಮು ಮಾಡಿ.

ಬಚ್ಚಲು ನೀರಿನ ಟ್ಯಾಂಕಿಗೆ ಎರಡೇ ಅಂಕ ಯಾಕೆ ಅಂದರೆ, ಗಾಡಿ ಕೆಲಸ ಮಾಡಿಕೊಟ್ಟವರು ಖಾಲಿ ಮಾಡುವ ವಾಲ್ವನ್ನು ಚಾಸಿಯ ನಟ್ಟನಡುವೆ ಇಟ್ಟಿದ್ದಾರೆ. ತಿರುಗಿಸಬೇಕಾದರೆ ಗಾಡಿಯಡಿ ಮಲಗಬೇಕು, ಬಕೆಟ್ ಇಡೋದಕ್ಕೂ ಎತ್ತರ ಸಾಲದು. ನಾನು ಊರಿಗೆ ಬಂದ ಮೇಲೆ ಅದನ್ನು ಒಂದೂವರೆ ಇಂಚಿನ ಬಾಲ್ ವಾಲ್ವ್ ಮಾಡಿ ಎಡಪಕ್ಕಕ್ಕೆ ತಂದೆ. ಸಿಂಕಿನ ನೀರು ತಾನೇ ಅಂತ ಅಸಡ್ಡೆ ಬೇಡ. ಅನ್ನದ ಅಗುಳು, ಸಾರಿನ ಎಣ್ಣೆ, ಸೋಪು ಸೇರಿ ಒಂದು ಹಗಲು ಬಿಸಿಲಲ್ಲಿ ನಿಂತರೆ ಇದರ ನಾತ ಕಕ್ಕಸು ಡಬ್ಬಕ್ಕಿಂತ ಕೆಟ್ಟದ್ದು. ದಿನಾ ಖಾಲಿ ಮಾಡಿ. ನಮ್ಮನೆಯವಳು ಹಾಳೆ ತಟ್ಟೆ ತಂದಿದ್ದಳು, ಪಾತ್ರೆ ತೊಳೆಯೋದು ಅರ್ಧಕ್ಕರ್ಧ ತಪ್ಪಿತು. ಕುಕ್ಕರು, ಬಾಣಲೆಯನ್ನು ಮೊದಲು ಕಾಗದದಲ್ಲಿ ಒರೆಸಿಬಿಡುತ್ತಿದ್ದಳು. ಸಿಂಕಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ಈ ನೀರನ್ನು ತೋಟದವರು ಒಪ್ಪಿದರೆ ಬಾಳೆ ಬುಡಕ್ಕೆ ಬಿಡಬಹುದು. ತೋಟದ ನೀರು ಬಸಿದುಹೋಗುವ ಕಾದಿಗೆಗೆ ಮಾತ್ರ ಬಿಡಬೇಡಿ, ಅದರ ನೀರು ನೆಟ್ಟಗೆ ಹಳ್ಳಕ್ಕೆ ಹೋಗುತ್ತೆ.

ಶೃಂಗೇರಿಯಲ್ಲಿ ಮೊಮ್ಮಗ ಮೀನಿಗೆ ಮಂಡಕ್ಕಿ ಹಾಕುತ್ತಾ ಗಂಟೆಗಟ್ಟಲೆ ಕೂತ, ನಮ್ಮ ಡಬ್ಬ ಆಗ ಖಾಲಿ ಇತ್ತು, ಆ ಮಟ್ಟಿಗೆ ನಿಶ್ಚಿಂತೆ.

ಕೊಳ್ಳುವವರಿಗೆ: ನಮಗೆ ಎಂಟು ಸಾವಿರ ಚಿಲ್ಲರೆ ಬಿತ್ತು. 10 ಲೀಟರಿನದು ಅಗ್ಗ ಅಂತ ಅದಕ್ಕೆ ಹೋಗಬೇಡಿ, ನೀರು ಬಳಸುವ ನಮಗೆ ಒಂದು ರಾತ್ರಿಗೂ ಸಾಲದು. ಮಂಡಿನೋವು ಇರುವವರು ಸೀಟಿನ ಎತ್ತರ ಅಳೆದು ನೋಡಿ, ಕೆಲವು ತೀರಾ ಕುಳ್ಳಗಿರುತ್ತವೆ. ತಟ್ಟೆಯ ರಬ್ಬರಿಗೆ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರುತ್ತಿರಿ, ವ್ಯಾಸಲೀನ್ ಹಚ್ಚಿದರೆ ರಬ್ಬರ್ ಊದಿಕೊಳ್ಳುತ್ತೆ. ಡಬ್ಬ ತರಿಸುವಾಗಲೇ ಒಂದು ಸೀಲು, ಮೂತಿಯ ಮುಚ್ಚಳಕ್ಕೆ ಒಂದು ವಾಷರ್ ಹೆಚ್ಚಿಗೆ ತರಿಸಿಕೊಳ್ಳಿ, ಆ ಅಳತೆಯದು ಗಾಂಧಿ ಬಜಾರಿನಲ್ಲಿ ಹುಡುಕಿದರೂ ಸಿಗಲಿಲ್ಲ.