ಐದು ವರ್ಷದ ಡೈರಿ: ಮೊದಲ ವರ್ಷ ಬರೀ ಠೇವಣಿ

ಬದುಕು ಚಿಕ್ಕದು, ನಾಳೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಇದನ್ನು ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಗೊತ್ತಿದ್ದೂ ಮರೆಯುತ್ತೇವೆ, ಅಷ್ಟೇ. ಆ ಮರೆವಿಗೆ ಮದ್ದು ಎಂದು ಮಾರಾಟಕ್ಕಿರುವ ಸಾಮಾನು ಈಗ ಕಡಿಮೆಯೇನಿಲ್ಲ. ಆಯಸ್ಸಿನ ವಾರಗಳನ್ನೆಲ್ಲ ಚೌಕಗಳಾಗಿ ಬಿಡಿಸಿದ ಗೋಡೆಪಟ ಇದೆ. ‘ಇಂದಿನ ಮೂರು ಒಳ್ಳೆಯ ಸಂಗತಿ’ ಎಂದು ಅಚ್ಚು ಹಾಕಿದ ಕೃತಜ್ಞತೆಯ ನೋಟ್‌ಬುಕ್ ಇದೆ. ದಿನಕ್ಕೆ ನಾಲ್ಕೈದು ಸಲ ‘ಒಂದು ದಿನ ಸಾಯುತ್ತೀರಿ, ನೆನಪಿರಲಿ’ ಎಂದು ಟಿಂಗ್ ಎನ್ನುವ ಆ್ಯಪ್ ಇದೆ. ಕೊನೆಗೆ, ಇವೆಲ್ಲಕ್ಕಿಂತ ಹಳೆಯದಾದ ಐದು ವರ್ಷದ ಡೈರಿ ಇದೆ. ನಾಲ್ಕರಲ್ಲಿ ದುಡ್ಡು ಕೊಡಲು ಯೋಗ್ಯವಾದದ್ದು ಡೈರಿ ಮಾತ್ರ. ಅದೂ ಸರಿಯಾದದ್ದನ್ನು ಆರಿಸಿದರೆ.

ಐದು ವರ್ಷದ ಡೈರಿಯ ರಚನೆ ಸರಳ. ಒಂದು ತಾರೀಕಿಗೆ ಒಂದು ಪುಟ, ಪುಟದಲ್ಲಿ ಮೇಲಿಂದ ಕೆಳಗೆ ಐದು ಖಾನೆ, ಖಾನೆಗೊಂದು ವರ್ಷ. ಜೂನ್ 17ರ ಪುಟದಲ್ಲಿ ಈ ವರ್ಷ ಮೊದಲ ಖಾನೆ ತುಂಬುತ್ತೀರಿ. ಮತ್ತೆ ಆ ಪುಟ ತೆರೆಯುವುದು ಮುಂದಿನ ಜೂನ್ 17ಕ್ಕೆ, ಹೋದ ವರ್ಷದ ಬರಹದ ಕೆಳಗೆ ಬರೆಯಲು. ಇಡೀ ಕಸುಬು ಇರುವುದು ಇಲ್ಲೇ. ಮೊದಲ 365 ದಿನ ಈ ಪುಸ್ತಕ ನಿಮಗೆ ಏನನ್ನೂ ಕೊಡುವುದಿಲ್ಲ, ಬರೀ ತೆಗೆದುಕೊಳ್ಳುತ್ತದೆ. 366ನೇ ದಿನದಿಂದ ವಾಪಸು ಕೊಡಲು ಶುರುಮಾಡುತ್ತದೆ. ಆರಂಭಶೂರರು ಎರಡನೇ ತಿಂಗಳಲ್ಲೇ ಕೈಬಿಡುವುದಕ್ಕೂ ಇದೇ ಕಾರಣ: ಬಡ್ಡಿ ಬರುವ ಮೊದಲೇ ಖಾತೆ ಮುಚ್ಚುತ್ತಾರೆ.

ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಗೆರೆಗಳ ಅಂತರ. ರಟ್ಟಿನ ಬಣ್ಣ ಆಮೇಲೆ. ಈ ಡೈರಿಗಳಲ್ಲಿ ಹೆಚ್ಚಿನವನ್ನು ಇಂಗ್ಲಿಷ್ ಬರವಣಿಗೆ ಲೆಕ್ಕದಲ್ಲಿಟ್ಟುಕೊಂಡು ಮಾಡುತ್ತಾರೆ, ಗೆರೆಗೆರೆಗೂ ಐದು ಮಿಲಿಮೀಟರ್ ಬಿಟ್ಟಿರುತ್ತಾರೆ. ಕನ್ನಡಕ್ಕೆ ಅದು ಸಾಲದು. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು ಬೇಕು, ಕೆಳಗೆ ಒತ್ತು ಬೇಕು. ಮೇಲಿನ ಸಾಲಿನ ‘ಸ್ತ್ರೀ’ಯ ಒತ್ತುಗಳು ಇಳಿದು ಕೆಳಗಿನ ಸಾಲಿನ ‘ಕೀ’ಯ ತಲೆಗೆ ತಾಗಿದರೆ ಎರಡು ವರ್ಷ ಬಿಟ್ಟು ಓದುವಾಗ ಎರಡೂ ಅರ್ಥವಾಗುವುದಿಲ್ಲ. ಆರು ಮಿಲಿಮೀಟರಿನಲ್ಲಿ ಹೇಗೋ ನಡೆಯುತ್ತದೆ, ಏಳಿದ್ದರೆ ಆರಾಮ. ಗೆರೆಯೇ ಇಲ್ಲದ ಖಾನೆ ಸಿಕ್ಕರೆ ಇನ್ನೂ ಒಳ್ಳೆಯದು.

ಅಳತೆಯ ಲೆಕ್ಕ ಹೀಗೆ. ಎ6 ಪುಟದ ಎತ್ತರ 148 ಮಿಲಿಮೀಟರ್. ತಾರೀಕಿಗೆ ಮೇಲೆ 18, ಕೆಳಗೆ ಅಂಚಿಗೆ 10 ಬಿಟ್ಟರೆ 120 ಉಳಿಯಿತು, ಖಾನೆಗೆ 24. ಆರರ ಗೆರೆಯಲ್ಲಿ ನಾಲ್ಕು ಸಾಲು, ಇಸವಿ ಬರೆಯಲು ಒಂದು ಹೋದರೆ ಮೂರು. ನಮ್ಮ ಪದಗಳು ಉದ್ದ, ಸಾಲಿಗೆ ನಾಲ್ಕೈದು ಹಿಡಿಸಿದರೆ ಹೆಚ್ಚು. ಅಂದರೆ ದಿನಕ್ಕೆ ಹದಿನೈದು ಪದದೊಳಗೆ. ಎ5ರಲ್ಲಿ ಎತ್ತರ 210. ಅದೇ ರೀತಿ ಮೇಲೆ 25, ಕೆಳಗೆ 10 ಬಿಟ್ಟರೆ ಖಾನೆಗೆ 35 ಸಿಗುತ್ತದೆ, ಏಳರ ಗೆರೆಯಲ್ಲಿ ಐದು ಸಾಲು. ಕನ್ನಡದಲ್ಲಿ ಬರೆಯುವವರು ಎ5 ಕೊಳ್ಳುವುದೇ ಸರಿ. ಹತ್ತು ವರ್ಷದ ಡೈರಿಯೂ ಸಿಗುತ್ತದೆ. ಎ5ರಲ್ಲೇ ಹತ್ತು ಖಾನೆ ಕೂರಿಸಿದರೆ ಒಂದಕ್ಕೆ ಹದಿನೇಳು ಹದಿನೆಂಟು ಮಿಲಿಮೀಟರ್, ಎರಡು ಸಾಲು. ಅಷ್ಟರಲ್ಲಿ ಬರೆಯಬಹುದಾದದ್ದು ಹವಾಮಾನ ಮಾತ್ರ.

ಎ5ಕ್ಕೆ ತೂಕದ ತೊಂದರೆ ಉಂಟು. 366 ಪುಟ ಅಂದರೆ 183 ಹಾಳೆ. 80 ಜಿಎಸ್‌ಎಂ ಕಾಗದವಾದರೆ (ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವಂಥದ್ದು) ಹಾಳೆಗಳೇ ಸುಮಾರು 455 ಗ್ರಾಂ, ದಪ್ಪ ಎರಡು ಸೆಂಟಿಮೀಟರಿಗೆ ಹತ್ತಿರ, ರಟ್ಟು ಬೇರೆ. ಚೀಲದಲ್ಲಿ ಹೊತ್ತು ತಿರುಗುವ ಪುಸ್ತಕ ಇದಲ್ಲ. ಹಾಸಿಗೆಯ ಪಕ್ಕ ಒಂದು ಜಾಗ ಕೊಟ್ಟು, ಪೆನ್ನನ್ನೂ ಅಲ್ಲೇ ಇಡಿ. ಪೆನ್ನು ಹುಡುಕಲು ಏಳಬೇಕಾದ ದಿನ ಖಾನೆ ಖಾಲಿ ಉಳಿಯುತ್ತದೆ.

ಬೈಂಡಿಂಗ್ ಬಗ್ಗೆ ಮಾತ್ರ ರಾಜಿ ಬೇಡ. ಐದು ವರ್ಷಕ್ಕೆ ಈ ಪುಸ್ತಕವನ್ನು 1826 ಸಲವಾದರೂ ತೆರೆಯುತ್ತೀರಿ. ಬರೀ ಅಂಟಿನ ಬೈಂಡಿಂಗಿನಲ್ಲಿ ಹಾಳೆಗಳನ್ನು ಒಂದೊಂದಾಗಿ ಕತ್ತರಿಸಿ, ಬೆನ್ನಿಗೆ ಗೋಂದು ಬಳಿದು ಕೂರಿಸಿರುತ್ತಾರೆ. ಗೋಂದು ಒಣಗಿ ಬಿರುಸಾಗುತ್ತದೆ, ಪುಸ್ತಕವನ್ನು ಮಟ್ಟಸವಾಗಿ ಒತ್ತಿ ತೆರೆದ ಕಡೆ ಬಿರುಕು ಬಿಡುತ್ತದೆ, ಅಲ್ಲಿಂದ ಹಾಳೆ ಕಳಚುತ್ತದೆ. ಬೇರೆ ಪುಸ್ತಕವಾದರೆ ಅಂಟಿಸಿಕೊಳ್ಳಬಹುದು. ಇಲ್ಲಿ ಒಂದು ಹಾಳೆ ಕಳೆದರೆ ಹತ್ತು ದಿನ ಕಳೆದ ಹಾಗೆ, ಎರಡು ತಾರೀಕು, ಐದೈದು ವರ್ಷ. ದಾರದ ಹೊಲಿಗೆ ಇದೆಯೇ ಎಂದು ನೋಡುವುದು ಸುಲಭ: ಪುಸ್ತಕದ ಮೇಲಂಚನ್ನು ಬೆನ್ನಿನ ಕಡೆಯಿಂದ ನೋಡಿ. ಹಾಳೆಗಳು ಮಡಿಸಿದ ಕಟ್ಟು ಕಟ್ಟಾಗಿ ಕಂಡರೆ ಹೊಲಿಗೆ ಇರಬಹುದು. ಒಂದು ಕಟ್ಟಿನ ನಡುವಿಗೆ ತೆರೆದರೆ ಮಡಿಕೆಯಲ್ಲಿ ದಾರ ಕಾಣಬೇಕು. ದಾರ ಕಾಣಲಿಲ್ಲವೇ, ಕೆಳಗಿಡಿ.

ಪೆನ್ನಿನ ವಿಷಯದಲ್ಲಿ ಜನ ಎಡವುವುದು ಹೆಚ್ಚಾಗಿ ಒಂದೇ ಕಡೆ. ಉಜ್ಜಿದರೆ ಅಳಿಯುವ ಜೆಲ್ ಪೆನ್ನನ್ನು ಹತ್ತಿರವೂ ಸೇರಿಸಬೇಡಿ. ಅದರ ಶಾಯಿ ಅಳಿಯುವುದು ಉಜ್ಜುವಾಗ ಹುಟ್ಟುವ ಬಿಸಿಗೆ. ಅರವತ್ತು ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಣ್ಣ ಮಾಯವಾಗುತ್ತದೆ. ಬಿಸಿಲಿಗೆ ನಿಂತ, ಕಿಟಕಿ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಒಂದು ಮಧ್ಯಾಹ್ನ ಬಿಟ್ಟರೆ ಸಾಕು, ವರ್ಷದ ಬರಹ ಬೆಳ್ಳಗೆ. (ಫ್ರೀಜರಿನಲ್ಲಿಟ್ಟರೆ ಮಸುಕಾಗಿ ಮರಳುವುದುಂಟು. ಆದರೆ ಡೈರಿಯನ್ನು ಫ್ರೀಜರಿನಲ್ಲಿಡುವ ಬದುಕು ಯಾರಿಗೂ ಬೇಡ.) ಪೆನ್ಸಿಲ್ ಕೂಡ ಸಲ್ಲ: ಎದುರುಬದುರು ಪುಟಗಳು ಐದು ವರ್ಷ ಒಂದಕ್ಕೊಂದು ಉಜ್ಜಿಕೊಂಡು ಎಲ್ಲ ಬೂದಿಬಣ್ಣ. 80 ಜಿಎಸ್‌ಎಂಗೆ 0.5 ಮಿಲಿಮೀಟರ್ ಮೊನೆಯ ಪಿಗ್ಮೆಂಟ್ (ನೀರಿನಲ್ಲಿ ಕರಗದ ಬಣ್ಣದ ಪುಡಿಯ) ಜೆಲ್ ಪೆನ್ನು ಸರಿಹೋಗುತ್ತದೆ, ನೀರು ಬಿದ್ದರೂ ಹರಡುವುದು ಕಡಿಮೆ. ಶಾಯಿಪೆನ್ನಿನವರು ಕೊನೆಯ ಪುಟದಲ್ಲಿ ಒಂದು ಸಾಲು ಗೀಚಿ, ಹಿಂಬದಿಗೆ ಶಾಯಿ ಇಳಿದಿದೆಯೇ ನೋಡಿಕೊಳ್ಳಲಿ.

ಇನ್ನೊಂದು ಸಣ್ಣ ಕಿರಿಕಿರಿ ಇದೆ, ಡಬ್ಬದ ಮೇಲೆ ಯಾರೂ ಬರೆದಿರುವುದಿಲ್ಲ. ಜನವರಿಯಲ್ಲಿ ಎಡಪುಟದಲ್ಲಿ ಬರೆಯುವಾಗ ಆ ಕಡೆ ಹಾಳೆಗಳೇ ಇರುವುದಿಲ್ಲ, ಬಲಗಡೆ ಎರಡು ಸೆಂಟಿಮೀಟರ್ ಗುಡ್ಡೆ. ಡಿಸೆಂಬರಿನಲ್ಲಿ ಇದು ತಿರುಗುಮುರುಗಾಗಿ ಬಲಪುಟ ತಗ್ಗಿನಲ್ಲಿರುತ್ತದೆ. ಎರಡೂ ಕಾಲದಲ್ಲಿ ಪುಟದ ಕೆಳಗಿನ ಖಾನೆಗಳಿಗೆ, ಅಂದರೆ ನಾಲ್ಕನೇ ಐದನೇ ವರ್ಷಗಳಿಗೆ, ಬರುವ ಹೊತ್ತಿಗೆ ಅಂಗೈ ಪುಸ್ತಕದ ಅಂಚಿನಿಂದ ಜಾರಿ ಅಕ್ಷರ ಓರೆಯಾಗುತ್ತದೆ. ಅಷ್ಟೇ ದಪ್ಪದ ಇನ್ನೊಂದು ಪುಸ್ತಕವನ್ನು ಕೈಯಡಿಗೆ ಇಟ್ಟುಕೊಂಡರೆ ಸರಿಹೋಗುತ್ತದೆ.

ಇಸವಿ ಅಚ್ಚಾದ ಪುಸ್ತಕ ಬೇಡ, ಇಸವಿ ನೀವೇ ಬರೆದುಕೊಳ್ಳುವಂಥದ್ದು ಕೊಳ್ಳಿ. ಆಗ ಜನವರಿ ಒಂದಕ್ಕೆ ಕಾಯಬೇಕಿಲ್ಲ. ಇವತ್ತಿನ ತಾರೀಕಿನ ಪುಟದ ಮೊದಲ ಖಾನೆಯಲ್ಲೇ ಶುರುಮಾಡಬಹುದು. ಜೂನಿನಲ್ಲಿ ಶುರುಮಾಡಿದರೆ ಜನವರಿಯ ಪುಟಗಳಲ್ಲಿ ಮೊದಲ ಖಾನೆ ಮುಂದಿನ ವರ್ಷದ್ದಾಗುತ್ತದೆ. ಗೊಂದಲವೇನಿಲ್ಲ, ಇಸವಿ ಬರೆದಿರಬೇಕು ಅಷ್ಟೇ. ಜೊತೆಗೆ ವಾರವನ್ನೂ ಬರೆಯಿರಿ. 2025ರ ಜೂನ್ 17 ಮಂಗಳವಾರ, 2026ರಲ್ಲಿ ಬುಧವಾರ, 2027ರಲ್ಲಿ ಗುರುವಾರ, 2028 ಅಧಿಕ ವರ್ಷವಾದ್ದರಿಂದ ಶನಿವಾರ. ‘ಬೆಳಗ್ಗೆ ತಡವಾಗಿ ಎದ್ದೆವು’ ಎಂಬುದಕ್ಕೆ ಶನಿವಾರ ಒಂದು ಅರ್ಥ, ಮಂಗಳವಾರ ಬೇರೆಯೇ ಅರ್ಥ.

ಈಗ ಬರೆಯುವ ಕ್ರಮ. ಎರಡು ನಿಮಿಷದ ಕೆಲಸ. ರಾತ್ರಿ ಮಲಗುವಾಗ ಬರೆಯುತ್ತೇನೆ ಎನ್ನುವವರು ಮೊದಲು ಸೋಲುವುದು ನಿದ್ದೆಗೆ. ಬೆಳಗ್ಗೆ ಎದ್ದು ನಿನ್ನೆಯದನ್ನು ಬರೆಯುವುದು ಹೆಚ್ಚು ಬಾಳುತ್ತದೆ, ರಾತ್ರಿಯೊಳಗೆ ದಿನವೂ ತಕ್ಕಮಟ್ಟಿಗೆ ಸೋಸಿರುತ್ತದೆ. ತಪ್ಪಿದರೆ ಹಿಂದಿನ ಎರಡು ದಿನದವರೆಗೆ ಮಾತ್ರ ತುಂಬಿ. ಅದಕ್ಕಿಂತ ಹಳೆಯದಕ್ಕೆ ಒಂದು ಅಡ್ಡಗೆರೆ ಎಳೆದು ಮುಂದೆ ಹೋಗಿ. ವಾರದ ಹಿಂದಿನದನ್ನು ನೆನೆದು ಬರೆಯಲು ಕೂತರೆ ಬರುವುದು ‘ಮಾಮೂಲಿ ದಿನ’ ಎಂಬ ಒಣ ಮಾತು. ಸಾಲದ್ದಕ್ಕೆ ಏಳು ಖಾನೆ ಬಾಕಿ ಎಂಬ ಹೊರೆಗೇ ಪುಸ್ತಕ ಮೂಲೆ ಸೇರುತ್ತದೆ.

ಏನು ಬರೆಯಬೇಕು? ಬೇರೆ ಯಾವ ದಿನಕ್ಕೂ ಹೊಂದದ ಒಂದು ಸಂಗತಿ. ‘ದಿನ ಚೆನ್ನಾಗಿತ್ತು, ಮನೆಯವರೊಂದಿಗೆ ಸಂತೋಷವಾಗಿ ಕಳೆದೆ’ ಎಂದು ಬರೆದರೆ ಮುಂದಿನ ವರ್ಷ ಅದನ್ನು ಓದುವಾಗ ಏನೂ ಮೇಲೇಳುವುದಿಲ್ಲ, ಯಾರು ಯಾವ ದಿನ ಬೇಕಾದರೂ ಬರೆಯಬಹುದಾದ ಮಾತು ಅದು. ಅದೇ ಜಾಗದಲ್ಲಿ ‘ಅಮ್ಮ ಅರ್ಧ ಗಂಟೆ ಕನ್ನಡಕ ಹುಡುಕಿದಳು, ತಲೆ ಮೇಲೇ ಇತ್ತು. ಸಿಕ್ಕಿದ ಮೇಲೂ ನನ್ನನ್ನೇ ಬೈದಳು’ ಎಂದು ಬರೆದರೆ ಹದಿನೈದು ಪದವೂ ಆಗುವುದಿಲ್ಲ, ಅಮ್ಮ ಪುಟದ ಮೇಲೆ ಓಡಾಡುತ್ತಾಳೆ. ಫೋನು ತೋರಿಸುವ ‘ಇದೇ ದಿನ, ಹೋದ ವರ್ಷ’ ಫೋಟೋಗಳಿಗಿಂತ ಡೈರಿ ಮೇಲು ಎನ್ನುವುದು ಇದಕ್ಕೇ. ಫೋಟೋ ತೆಗೆಯುವುದು ಮದುವೆ, ಪ್ರವಾಸಗಳಲ್ಲಿ. ಕನ್ನಡಕ ಹುಡುಕುವವರ ಫೋಟೋ ಯಾರೂ ತೆಗೆಯುವುದಿಲ್ಲ. ಆಯಸ್ಸಿನ ಬಹುಪಾಲು ಮಾತ್ರ ಕನ್ನಡಕ ಹುಡುಕುವಂಥ ದಿನಗಳೇ.

ಕೃತಜ್ಞತೆಯ ನೋಟ್‌ಬುಕ್ ಸೋಲುವುದೂ ಇಲ್ಲೇ. ದಿನಕ್ಕೆ ಮೂರು ಖಾಲಿ ಗೆರೆ ಕೊಟ್ಟರೆ ಎರಡನೇ ವಾರದಿಂದ ‘ಆರೋಗ್ಯ, ಕುಟುಂಬ, ಕೆಲಸ’ ಎಂಬ ಜಪ ಶುರುವಾಗುತ್ತದೆ. ಆ ಅಭ್ಯಾಸವೇ ಸುಳ್ಳು ಎಂದಲ್ಲ. ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲಾ 2003ರಲ್ಲಿ ಪ್ರಕಟಿಸಿದ ಹೆಸರಾಂತ ಅಧ್ಯಯನದ ಮೊದಲ ಪ್ರಯೋಗದಲ್ಲಿ ಜನ ಇಂಥ ಪಟ್ಟಿ ಬರೆದದ್ದು ವಾರಕ್ಕೊಮ್ಮೆ, ಹತ್ತು ವಾರ. ಇನ್ನೊಬ್ಬ ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್ಸ್ಕಿ ತಂಡದ ಆರು ವಾರದ ಪ್ರಯೋಗದಲ್ಲಿ ವಾರಕ್ಕೊಮ್ಮೆ ಬರೆದವರಿಗೆ ನೆಮ್ಮದಿ ಹೆಚ್ಚಿತು, ವಾರಕ್ಕೆ ಮೂರು ಸಲ ಬರೆದವರಿಗೆ ಹೆಚ್ಚಲಿಲ್ಲ. ಹೀಗಿದ್ದೂ ದಿನಾ ತುಂಬುವಂತೆಯೇ ಅಚ್ಚು ಹಾಕಿ ಮಾರುತ್ತಾರೆ. ಈಗಾಗಲೇ ಕೊಂಡಿದ್ದರೆ ಭಾನುವಾರ ಮಾತ್ರ ಬರೆಯಿರಿ, ಪ್ರತಿ ಸಂಗತಿಯ ಮುಂದೆ ‘ಏಕೆ’ ಎಂಬುದನ್ನೂ ಸೇರಿಸಿ. ಪುಸ್ತಕವೂ ಏಳು ಪಟ್ಟು ಬಾಳುತ್ತದೆ.

ವಾರಗಳ ಗೋಡೆಪಟ ನೋಡಲು ಜೋರಾಗಿದೆ. ಸಾಲಿಗೆ 52 ಚೌಕ, 90 ಸಾಲು, ಒಟ್ಟು 4680. ನಲವತ್ತರವರು ಕೊಂಡ ದಿನವೇ 2080 ಚೌಕ ತುಂಬಬೇಕು. ಚೌಕಕ್ಕೆ ಎರಡು ಸೆಕೆಂಡ್ ಹಿಡಿದರೂ ಒಂದು ಗಂಟೆ ಹತ್ತು ನಿಮಿಷ. ಲೆಕ್ಕವೂ ತಪ್ಪು: 52 ವಾರ ಅಂದರೆ 364 ದಿನ, ವರ್ಷಕ್ಕೆ ಒಂದೂಕಾಲು ದಿನ ಹೊರಗುಳಿಯುತ್ತದೆ. ಕಳೆದ ವಾರಗಳನ್ನು ಎಣಿಸಿ ಎಡೆಬಿಡದೆ ತುಂಬಿಕೊಂಡು ಹೋದರೆ ನಲವತ್ತನೇ ಹುಟ್ಟುಹಬ್ಬದ ಹೊತ್ತಿಗೆ ಪಟ ಏಳು ವಾರ ಮುಂದೆ ಓಡಿರುತ್ತದೆ. ಪ್ರತಿ ಹುಟ್ಟುಹಬ್ಬಕ್ಕೆ ಹೊಸ ಸಾಲು ಹಿಡಿದು, ಸಾಲಿನ ಕೊನೆಯ ಚೌಕಕ್ಕೆ ಎಂಟು ದಿನ (ಅಧಿಕ ದಿನ ಬಂದಾಗ ಒಂಬತ್ತು) ಕೊಟ್ಟರೆ ಇದು ಸರಿಹೋಗುತ್ತದೆ. ಸರಿಹೋಗದ ದೋಷ ಇನ್ನೊಂದು. ತೊಂಬತ್ತು ಸಾಲು ಎಂದು ಅಚ್ಚು ಹಾಕಿದವರಿಗೆ ನಮ್ಮ ಆಯಸ್ಸು ಎಷ್ಟೆಂದು ಯಾರು ಹೇಳಿದರು? ಬದುಕು ಚಿಕ್ಕದು ಎನ್ನುವುದನ್ನು ಈ ಪಟ ಚೆನ್ನಾಗಿ ತೋರಿಸುತ್ತದೆ, ಅನಿಶ್ಚಿತ ಎನ್ನುವುದನ್ನು ಮುಚ್ಚಿಡುತ್ತದೆ. ಮನೆಯಲ್ಲಿ ದೊಡ್ಡ ಕಾಯಿಲೆಯವರಿದ್ದರೆ, ಇತ್ತೀಚೆಗೆ ಸಾವಾಗಿದ್ದರೆ, ಅದನ್ನು ಗೋಡೆಗೆ ಹಾಕಲೇಬೇಡಿ.

ಆ್ಯಪ್ ಬಗ್ಗೆ ಹೇಳಲು ಹೆಚ್ಚಿಲ್ಲ. ಮೊದಲ ವಾರ ಬೆಚ್ಚುತ್ತೀರಿ, ನಾಲ್ಕನೇ ವಾರ ಬ್ಯಾಂಕಿನ ಮೆಸೇಜಿನ ಹಾಗೆ ಬೆರಳಲ್ಲಿ ತಳ್ಳುತ್ತೀರಿ.

ಡೈರಿಯಲ್ಲೂ ಒಂದು ಹೊಂಚು ಇದೆ, ತಿಳಿದೇ ಕೊಳ್ಳಬೇಕು. ಯಾರೋ ತೀರಿಕೊಂಡ ತಾರೀಕು ಮುಂದಿನ ವರ್ಷ ಮತ್ತೆ ತೆರೆದುಕೊಳ್ಳುತ್ತದೆ. ಅದಕ್ಕಿಂತ ಗಟ್ಟಿಯಾಗಿ ತಾಕುವುದು ಅದರ ಹಿಂದಿನ ವಾರದ ಪುಟಗಳು, ಏನೂ ಗೊತ್ತಿಲ್ಲದೆ ಕನ್ನಡಕದ ಬಗ್ಗೆ ಬರೆದವು. ಅಂಥ ಖಾನೆಗಳ ಮೇಲೆ ಹಿಂಬದಿಗೆ ಹಗುರ ಅಂಟಿರುವ ಚೀಟಿ ಹಚ್ಚಿಡಿ. ಬೇಕೆನಿಸಿದ ವರ್ಷ ಎತ್ತಿ ನೋಡಬಹುದು, ಬೇಡವಾದರೆ ಅದರ ಕೆಳಗಿನ ಖಾನೆಯಲ್ಲಿ ಬರೆದು ಮುಚ್ಚಬಹುದು. ವರ್ಷಗಟ್ಟಲೆ ಬಿಡುವುದಾದರೆ ಅಂಟು ಕಾಗದಕ್ಕೆ ಇಳಿಯುತ್ತದೆ, ಚೀಟಿಯನ್ನು ವರ್ಷಕ್ಕೊಮ್ಮೆ ಬದಲಿಸಿ.

ಬೀಗವಿರುವ ಡೈರಿ ಬೇಡ, ಹೇರ್‌ಪಿನ್ನಿಗೆ ತೆರೆಯುತ್ತದೆ, ಸಾಲದ್ದಕ್ಕೆ ಕುತೂಹಲ ಹುಟ್ಟಿಸುತ್ತದೆ. ಪುಸ್ತಕ ಒಂದೇ ಪ್ರತಿ ಎಂಬುದು ನೆನಪಿರಲಿ: ತಿಂಗಳ ಕೊನೆಗೆ ಆ ತಿಂಗಳ ಮೂವತ್ತು ಪುಟ ಫೋನಿನಲ್ಲಿ ಫೋಟೋ ತೆಗೆದಿಡಲು ಐದು ನಿಮಿಷ ಸಾಕು. ಫೆಬ್ರವರಿ 29ರ ಪುಟ ಐದು ವರ್ಷಕ್ಕೆ ಒಂದೋ ಎರಡೋ ಸಲ ಮಾತ್ರ ಬಳಕೆಗೆ ಬರುತ್ತದೆ, ಉಳಿದ ಖಾನೆಗಳಲ್ಲಿ ಹೆಸರುಗಳ ಪಟ್ಟಿ ಬರೆದುಕೊಳ್ಳಿ. ನಾಲ್ಕು ವರ್ಷದ ನಂತರ ‘ರವಿ ಬಂದಿದ್ದ’ ಎಂದರೆ ಯಾವ ರವಿ?

ಐದನೇ ವರ್ಷ ಮುಗಿಯುವ ಮೊದಲೇ ಎರಡನೆಯದನ್ನು ತಂದಿಟ್ಟುಕೊಳ್ಳಿ, ಅದೇ ಅಳತೆ, ಅದೇ ದಪ್ಪದ್ದು. ಹೊಸ ಪುಸ್ತಕದ ಜನವರಿಯಲ್ಲಿ ಅಂಗೈ ಜಾರದಂತೆ ಕೈಯಡಿಗೆ ಇಟ್ಟುಕೊಳ್ಳಲು ಹಳೆಯದು ಸರಿಯಾಗಿ ಹೊಂದುತ್ತದೆ.