ಟ್ಯಾಕ್ಸ್ ಆಫೀಸಿಗೆ ಪಿಎಫ್‌ಸೆನ್ಸ್: ಎರಡು ಲೈನ್ ಇಟ್ಟುಕೊಂಡವರಿಗೆ ನನ್ನ ಅನುಭವ

ತಿಂಗಳ 20ನೇ ತಾರೀಕು, ಜಿಎಸ್‌ಟಿ ರಿಟರ್ನ್ ಹಾಕುವ ಹೊತ್ತಿಗೆ ನೆಟ್ ಹೋದರೆ ನಮ್ಮಂಥ ಆಫೀಸಿನವರ ಪಾಡು ಹೇಳತೀರದು. ದಾವಣಗೆರೆಯ ನಮ್ಮ ಬೀದಿಯಲ್ಲಿ ರಸ್ತೆ ಅಗೆದಾಗಲೆಲ್ಲ ಫೈಬರ್ ತುಂಡಾಗುತ್ತಿತ್ತು. ಅದಕ್ಕೇ ಎರಡನೇ ಲೈನ್ ಹಾಕಿಸಿ, ಎರಡನ್ನೂ ಹಳೇ ಡೆಸ್ಕ್‌ಟಾಪಿನಲ್ಲಿ ಓಡುವ ಪಿಎಫ್‌ಸೆನ್ಸ್ ಎಂಬ ರೂಟರ್-ಫೈರ್‌ವಾಲ್ ಸಾಫ್ಟ್‌ವೇರಿಗೆ ಜೋಡಿಸಿದೆ. ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆ ಕಟ್ಟಿದ ಇದರ ಕಮ್ಯೂನಿಟಿ ಆವೃತ್ತಿ ಉಚಿತ. ದುಡ್ಡು ಹೋಗಿದ್ದು ಲ್ಯಾನ್ ಕಾರ್ಡಿಗೆ ಮಾತ್ರ. ವರ್ಷಗಳಿಂದ ಇದನ್ನೇ ನೆಚ್ಚಿಕೊಂಡಿದ್ದೇನೆ.

ಎಲ್ಲರೂ ಮೊದಲು ಕೇಳುವುದು "ಸ್ಪೀಡ್ ಡಬಲ್ ಆಗುತ್ತಾ?" ಅಂತ. ಲೈನುಗಳನ್ನು ಒಟ್ಟು ಸೇರಿಸುವ ಗೇಟ್‌ವೇ ಗ್ರೂಪಿನಲ್ಲಿ ಎರಡಕ್ಕೂ ಟಯರ್ 1, ಅಂದರೆ ಮೊದಲ ಸರದಿ, ಕೊಟ್ಟರೆ ಕನೆಕ್ಷನ್‌ಗಳು ಎರಡು ಲೈನಿಗೆ ಹಂಚಿಹೋಗುತ್ತವೆ, ಆದರೆ ಯಾವ ಒಂದು ಕನೆಕ್ಷನ್ನೂ ಒಂದು ಲೈನಿನ ವೇಗ ಮೀರುವುದಿಲ್ಲ. ಮೇಲಾಗಿ ಐಪಿ ಅದಲುಬದಲಾದರೆ ಬ್ಯಾಂಕ್ ಸೈಟುಗಳು ಲಾಗ್‌ಔಟ್ ಮಾಡಿಬಿಡಬಹುದು. ನಮ್ಮಲ್ಲಿ ಫೈಬರ್ ಟಯರ್ 1, ಇನ್ನೊಂದು ಟಯರ್ 2, ಅಂದರೆ ಫೈಬರ್ ಹೋದಾಗ ಮಾತ್ರ ಅದು ಬಳಕೆಗೆ ಬರುತ್ತದೆ. ಆಫೀಸಿಗೆ ಇದೇ ಸರಿ.

ಇಡೀ ವ್ಯವಸ್ಥೆ ನಿಂತಿರುವುದು ಮಾನಿಟರ್ ಐಪಿ ಮೇಲೆ, ಅಂದರೆ ಲೈನ್ ಜೀವಂತ ಇದೆಯೇ ಎಂದು ಪದೇಪದೇ ಪಿಂಗ್ ಮಾಡಿ (ಸಣ್ಣ ಸಂದೇಶ ಕಳಿಸಿ) ನೋಡುವ ವಿಳಾಸದ ಮೇಲೆ. ಏನೂ ಬದಲಿಸದಿದ್ದರೆ ಪಿಎಫ್‌ಸೆನ್ಸ್ ಗೇಟ್‌ವೇಯನ್ನೇ ಪಿಂಗ್ ಮಾಡುತ್ತಿರುತ್ತದೆ. ನಮ್ಮಲ್ಲಿ ಗೇಟ್‌ವೇ ಅಂದರೆ ಕಂಪನಿಯವರು ಕೊಟ್ಟ ಮೋಡೆಮ್. ಬೀದಿಯಲ್ಲಿ ಫೈಬರ್ ಹರಿದಿದ್ದರೂ ಮೇಜಿನ ಮೇಲಿನ ಮೋಡೆಮ್ ಉತ್ತರ ಕೊಡುತ್ತಲೇ ಇರುತ್ತದೆ, ಲೈನ್ ಬದಲಾಗುವುದೇ ಇಲ್ಲ. ಹಾಗಾಗಿ ಮಾನಿಟರ್ ಐಪಿಯಾಗಿ ಒಂದು ಲೈನಿಗೆ 1.1.1.1, ಇನ್ನೊಂದಕ್ಕೆ 8.8.8.8 ಕೊಡಿ (ಎರಡೂ ಹೊರಗಿನ ಸಾರ್ವಜನಿಕ ಡಿಎನ್‌ಎಸ್ ಸರ್ವರುಗಳು, ಅಂದರೆ ಸೈಟಿನ ಹೆಸರಿಗೆ ಐಪಿ ಹುಡುಕಿಕೊಡುವಂಥವು). ಎರಡಕ್ಕೂ ಒಂದೇ ವಿಳಾಸ ಬೇಡ. ಆ ವಿಳಾಸಗಳು ತಂತಮ್ಮ ಲೈನಿಗೇ ಕಟ್ಟುಬೀಳುತ್ತವೆ, ಆ ಲೈನ್ ಹೋದರೆ ಅವೂ ಸಿಗುವುದಿಲ್ಲ, ಆದ್ದರಿಂದ ಕಂಪ್ಯೂಟರುಗಳಿಗೆ ನೇರವಾಗಿ ಅವನ್ನೇ ಡಿಎನ್‌ಎಸ್ ಮಾಡಬೇಡಿ.

ಫೈರ್‌ವಾಲ್ ರೂಲುಗಳನ್ನು ಪಿಎಫ್‌ಸೆನ್ಸ್ ಮೇಲಿನಿಂದ ಕೆಳಕ್ಕೆ ಓದುತ್ತದೆ, ಮೊದಲು ಹೊಂದಿದ್ದೇ ಅಂತಿಮ. ಲ್ಯಾನ್ ರೂಲಿನ ಅಡ್ವಾನ್ಸ್ಡ್ ಭಾಗದಲ್ಲಿ ಗೇಟ್‌ವೇ ಗ್ರೂಪ್ ಆರಿಸಿದೆವು ಅಂದುಕೊಳ್ಳಿ, ಆಫೀಸಿನೊಳಗೇ ಬೇರೆ ಸಬ್‌ನೆಟ್ಟಿನಲ್ಲಿರುವ (ಪ್ರತ್ಯೇಕ ಒಳ ನೆಟ್‌ವರ್ಕಿನಲ್ಲಿರುವ) ಟ್ಯಾಲಿ ಸರ್ವರಿಗೆ ಹೋಗಬೇಕಾದದ್ದೂ ಹೊರಗಿನ ದಾರಿ ಹಿಡಿಯುತ್ತದೆ. ಆ ಸಬ್‌ನೆಟ್ಟಿಗೆ ಗೇಟ್‌ವೇ ಇಲ್ಲದ ಪಾಸ್ ರೂಲ್ ಒಂದನ್ನು ಮೇಲೆ ಕೂರಿಸಲೇಬೇಕು. ವ್ಯಾನ್ (ಇಂಟರ್ನೆಟ್ ಕಡೆಯ) ಟ್ಯಾಬಿನಲ್ಲಿ ನಾನೇನೂ ತೆರೆದಿಲ್ಲ. ರೂಲ್ ಇಲ್ಲದಿದ್ದರೆ ಹೊರಗಿನಿಂದ ಬರುವುದನ್ನೆಲ್ಲ ಅದೇ ತಡೆಯುತ್ತದೆ.

ಕೊರತೆಯೂ ಇದೆ. ಲೈನ್ ಬದಲಾಗುವಾಗ ನಡೆಯುತ್ತಿದ್ದ ವಿಡಿಯೋ ಕಾಲ್ ಕಡಿದುಹೋಗುತ್ತದೆ, ಪೋರ್ಟಲ್‌ಗೆ ಮತ್ತೆ ಲಾಗಿನ್ ಆಗಬೇಕಾಗಬಹುದು. ನೆಟ್‌ವರ್ಕಿಂಗ್ ಗಂಧಗಾಳಿ ಇಲ್ಲದವರಿಗೆ ಮೊದಮೊದಲು ತಲೆ ಕೆಡುತ್ತದೆ. ಆದರೂ ಎರಡು ಲೈನಿಗೆ ದುಡ್ಡು ಕಟ್ಟುವ ಯಾವ ಆಫೀಸಿಗೂ ಧೈರ್ಯವಾಗಿ ಇದನ್ನೇ ಹೇಳುತ್ತೇನೆ. ಸೆಟ್ ಮಾಡಿದ ಮೇಲೆ ಪರೀಕ್ಷೆಗೆ ಮೋಡೆಮ್‌ನಿಂದ ಪಿಎಫ್‌ಸೆನ್ಸ್‌ಗೆ ಹೋಗುವ ಕೇಬಲ್ ಕೀಳಬೇಡಿ, ಮೋಡೆಮ್ಮಿಗೆ ಬರುವ ಫೈಬರನ್ನೇ ಬಿಚ್ಚಿ ನೋಡಿ.